ಮನಸ್ಸಿನ ಕಾಯಿಲೆಗೆ ರಕ್ತ ಪರೀಕ್ಷೆ ಯಾಕೆ? ಬೈಪೋಲಾರ್ ಮತ್ತು ನಮ್ಮ ಮೈ

ಮನೆಯಲ್ಲೊಬ್ಬರಿಗೆ ಬೈಪೋಲಾರ್ ಡಿಸಾರ್ಡರ್ ಇದೆ ಎಂದು ಮನೋವೈದ್ಯರು ಹೇಳಿದ ದಿನ ತಲೆಯಲ್ಲಿ ನೂರು ಪ್ರಶ್ನೆ ಏಳುತ್ತವೆ. ಅವುಗಳಲ್ಲಿ ಒಂದು ಹುಟ್ಟುವುದು ಚೀಟಿ ಕೈಗೆ ಬಂದ ಮೇಲೆ. ಚೀಟಿಯಲ್ಲಿ ಥೈರಾಯ್ಡ್, ಕ್ರಿಯಾಟಿನಿನ್, ಸಕ್ಕರೆ, ಕೊಲೆಸ್ಟರಾಲ್ ಎಂದೆಲ್ಲ ಬರೆದಿರುತ್ತದೆ. ತೂಕ ನೋಡುತ್ತಾರೆ, ಸೊಂಟದ ಸುತ್ತಳತೆ ಅಳೆಯುತ್ತಾರೆ, ಬಿ.ಪಿ. ಪಟ್ಟಿ ಕಟ್ಟುತ್ತಾರೆ. ಎಷ್ಟು ಹೊತ್ತಿಗೆ ಮಲಗುತ್ತೀರಿ, ಎಷ್ಟು ಹೊತ್ತಿಗೆ ಏಳುತ್ತೀರಿ ಎಂದು ಕೆದಕಿ ಕೆದಕಿ ಕೇಳುತ್ತಾರೆ. ಕಾಯಿಲೆ ಮನಸ್ಸಿನದು, ಹಾಗಿದ್ದ ಮೇಲೆ ಮೈಯನ್ನೇಕೆ ಇಷ್ಟೊಂದು ತಡಕುತ್ತಾರೆ?

ಕೇಳಲೇಬೇಕಾದ ಪ್ರಶ್ನೆ ಇದು. ಬೈಪೋಲಾರ್ ಎಂದರೆ ‘ಮೂಡ್ ಬದಲಾಗುವ ಕಾಯಿಲೆ’ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ತಿಳಿವಳಿಕೆ ತಪ್ಪೇನಲ್ಲ, ಅರ್ಧ ಮಾತ್ರ. ಈ ಕಾಯಿಲೆಯಲ್ಲಿ ನಿದ್ದೆ, ಹಸಿವು, ಚೈತನ್ಯ, ಮಾತಿನ ವೇಗ, ನಡಿಗೆಯ ವೇಗ ಎಲ್ಲವೂ ಮನಸ್ಸಿನ ಜೊತೆಗೇ ಏರುಪೇರಾಗುತ್ತವೆ. ಎಷ್ಟೋ ಸಲ ಮನಸ್ಸಿಗಿಂತ ಮೊದಲು ಮೈಯೇ ಸುಳಿವು ಕೊಡುತ್ತದೆ.

## ಏರುವುದು, ಇಳಿಯುವುದು: ಮೊದಲು ಪದಗಳು

ಬೈಪೋಲಾರ್ ಎಂದರೆ ಎರಡು ಧ್ರುವಗಳುಳ್ಳದ್ದು. ಒಂದು ಧ್ರುವ ಉನ್ಮಾದ, ವೈದ್ಯರ ಬಾಯಲ್ಲಿ ಮೇನಿಯಾ. ಇನ್ನೊಂದು ಖಿನ್ನತೆ, ಅಂದರೆ ಡಿಪ್ರೆಶನ್. ಬೆಳಿಗ್ಗೆ ಉತ್ಸಾಹ, ಸಂಜೆ ಬೇಸರ ಎಂಬುದು ಎಲ್ಲರಿಗೂ ಆಗುವಂಥದ್ದು. ಅದಕ್ಕೆ ಈ ಹೆಸರಿಲ್ಲ. ಇಲ್ಲಿ ಲೆಕ್ಕ ನಡೆಯುವುದು ದಿನ ಮತ್ತು ವಾರಗಳಲ್ಲಿ. ಏರಿದ ಸ್ಥಿತಿ ಕನಿಷ್ಠ 1 ವಾರ, ದಿನದ ಬಹುಪಾಲು ಹೊತ್ತು ಇದ್ದರೆ ಅದು ಮೇನಿಯಾ. ಆಸ್ಪತ್ರೆಗೆ ಸೇರಿಸಲೇಬೇಕಾದಷ್ಟು ಜೋರಾಗಿದ್ದರೆ ವಾರದ ಲೆಕ್ಕ ನೋಡುವುದಿಲ್ಲ. ಅದರ ಸೌಮ್ಯ ರೂಪಕ್ಕೆ ಹೈಪೋಮೇನಿಯಾ ಎನ್ನುತ್ತಾರೆ, ಅದಕ್ಕೆ ಕನಿಷ್ಠ 4 ದಿನ. ಖಿನ್ನತೆಗೆ ಕನಿಷ್ಠ 2 ವಾರ. ಪೂರ್ಣ ಮೇನಿಯಾ ಜೀವನದಲ್ಲಿ ಒಮ್ಮೆ ಬಂದಿದ್ದರೂ ಸಾಕು, ಅದು ಬೈಪೋಲಾರ್ 1. ಹೈಪೋಮೇನಿಯಾ ಮತ್ತು ಖಿನ್ನತೆ ಮಾತ್ರ ಬಂದಿದ್ದರೆ ಬೈಪೋಲಾರ್ 2. ಈ ಅಲೆಗಳ ನಡುವೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ, ಎಲ್ಲರಂತೆ ಬಾಳುವ ಕಾಲವೂ ಇರುತ್ತದೆ. ವರ್ಷಕ್ಕೆ 4 ಅಥವಾ ಅದಕ್ಕಿಂತ ಹೆಚ್ಚು ಅಲೆಗಳು ಬಂದರೆ ಅದಕ್ಕೆ ರ‍್ಯಾಪಿಡ್ ಸೈಕ್ಲಿಂಗ್ ಎಂಬ ಬೇರೆ ಹೆಸರಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ ಸುಮಾರು 4 ಕೋಟಿ ಜನರಿಗೆ ಈ ಕಾಯಿಲೆ ಇತ್ತು. ಹೆಚ್ಚಿನವರಲ್ಲಿ ಇದು ಮೊದಲು ತಲೆಯೆತ್ತುವುದು ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ.

ಕಾಯಿಲೆಯನ್ನು ಗುರುತಿಸುವ ಕ್ರಮದಲ್ಲೇ ಮೈಗೆ ದೊಡ್ಡ ಜಾಗ ಸಿಕ್ಕಿದ ಕಥೆ ಹೇಳಬೇಕು. ಅಮೆರಿಕದ ಮನೋವೈದ್ಯರ ಸಂಘ ರೋಗಗಳನ್ನು ಗುರುತಿಸಲು ಒಂದು ಕೈಪಿಡಿ ಹೊರತರುತ್ತದೆ, ಅದನ್ನು ಬಹಳ ದೇಶಗಳಲ್ಲಿ ಬಳಸುತ್ತಾರೆ. 2013ರಲ್ಲಿ ಬಂದ ಅದರ 5ನೇ ಆವೃತ್ತಿ ಒಂದು ಬದಲಾವಣೆ ಮಾಡಿತು. ಮೇನಿಯಾ ಎನ್ನಲು ಮನಸ್ಸು ಅತಿಯಾಗಿ ಹಿಗ್ಗಿರುವುದು ಅಥವಾ ಸಿಡುಕು ಹೆಚ್ಚಿರುವುದು ಮಾತ್ರ ಸಾಲದು, ಮೈಯ ಚೈತನ್ಯ ಮತ್ತು ಚಟುವಟಿಕೆಯೂ ಕಣ್ಣಿಗೆ ಕಾಣುವಷ್ಟು ಹೆಚ್ಚಿರಬೇಕು ಎಂದಿತು. ಮೂಡ್ ಹೇಗಿದೆ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರ ಯಾರಿಂದಲೂ ಬರಬಹುದು. ರಾತ್ರಿ ಎರಡು ಗಂಟೆಗೆ ಎದ್ದು ಮನೆಯ ಕಪಾಟುಗಳನ್ನೆಲ್ಲ ಖಾಲಿ ಮಾಡಿ ಮತ್ತೆ ಜೋಡಿಸುವುದು ಮನೆಮಂದಿಯ ಕಣ್ಣಿಗೆ ತಪ್ಪುವುದಿಲ್ಲ.

## ಏರಿದಾಗ ಮೈ ಹೇಗಿರುತ್ತದೆ

ಎಲ್ಲಕ್ಕಿಂತ ಮುಖ್ಯವಾದ ಗುರುತು ನಿದ್ದೆ. ಇಲ್ಲಿ ಒಂದು ವ್ಯತ್ಯಾಸ ಚೆನ್ನಾಗಿ ಮನಸ್ಸಿಗೆ ಇಳಿಯಬೇಕು: ನಿದ್ದೆ ಬಾರದಿರುವುದು ಬೇರೆ, ನಿದ್ದೆ ಬೇಡವಾಗುವುದು ಬೇರೆ. ಚಿಂತೆಯಿಂದ ರಾತ್ರಿಯಿಡೀ ಹೊರಳಾಡಿದವರು ಮರುದಿನ ಬಳಲಿ ಬೆಂಡಾಗಿರುತ್ತಾರೆ, ಕಣ್ಣು ಉರಿಯುತ್ತದೆ, ಕೆಲಸ ಸಾಗುವುದಿಲ್ಲ. ಮೇನಿಯಾದಲ್ಲಿ ಮೂರು ಗಂಟೆ ಮಲಗಿದವರು ಹತ್ತು ಗಂಟೆ ಮಲಗಿ ಎದ್ದವರ ಹಾಗೆ ಕಾಣುತ್ತಾರೆ. ಸುಸ್ತಿನ ಸುಳಿವೇ ಇಲ್ಲ. ಇದು ಮೂರು ನಾಲ್ಕು ರಾತ್ರಿ ಮುಂದುವರಿದರೆ ಸುಮ್ಮನಿರುವಂಥದ್ದಲ್ಲ.

ಉಳಿದದ್ದು ಅದರ ಬೆನ್ನಿಗೇ ಬರುತ್ತದೆ. ಮಾತು ಒಂದರ ಮೇಲೊಂದು ನುಗ್ಗುತ್ತದೆ, ನಡುವೆ ಬಾಯಿ ಹಾಕಲು ಎಡೆಯಿಲ್ಲ, ಗಂಟಲು ಕಟ್ಟಿದರೂ ನಿಲ್ಲದು. ಕಾಲು ಒಂದೆಡೆ ನಿಲ್ಲುವುದಿಲ್ಲ. ಊಟದ ನೆನಪಾಗುವುದಿಲ್ಲ, ಹಾಗಾಗಿ ತೂಕ ಇಳಿಯುತ್ತದೆ. ನೀರು ಕುಡಿಯುವುದು ಮರೆತು ಮೈಯ ನೀರಿನಂಶ ಕುಗ್ಗುತ್ತದೆ. ಕಾಮಾಸಕ್ತಿ ಹೆಚ್ಚಬಹುದು. ಗಾಯವಾದರೂ ಗಮನಕ್ಕೆ ಬರದಿರಬಹುದು. ಎದೆಬಡಿತ ಚುರುಕಾಗಿರುತ್ತದೆ.

ಎಣ್ಣೆ ದೀಪದ ಬತ್ತಿಯನ್ನು ಪೂರ್ತಿ ಮೇಲೆಳೆದರೆ ಹೇಗೆ? ಬೆಳಕು ದೊಡ್ಡದು, ಎಣ್ಣೆ ಮುಗಿಯುವುದೂ ಅಷ್ಟೇ ಬೇಗ. ಮೇನಿಯಾದಲ್ಲಿ ಬೆಳಕು ಮಾತ್ರ ಗೊತ್ತಾಗುತ್ತದೆ, ಎಣ್ಣೆಯ ಮಟ್ಟ ಗೊತ್ತಾಗುವುದಿಲ್ಲ. ದಣಿವು ಎಂಬುದು ಮೈ ಕೊಡುವ ಎಚ್ಚರಿಕೆ, ಈ ಸ್ಥಿತಿಯಲ್ಲಿ ಆ ಎಚ್ಚರಿಕೆಯೇ ಮೂಕವಾಗಿರುತ್ತದೆ. ಪರಿಣಾಮಕಾರಿ ಔಷಧಿಗಳು ಇಲ್ಲದ ಕಾಲದಲ್ಲಿ ತೀವ್ರ ಮೇನಿಯಾದಲ್ಲಿ ಬಳಲಿ ಬಳಲಿ ಪ್ರಾಣ ಹೋದವರಿದ್ದರು. ‘ಅವರು ಖುಷಿಯಾಗಿದ್ದಾರಲ್ಲ, ಇರಲಿ ಬಿಡಿ’ ಎನ್ನುವುದು ಎಷ್ಟು ಅಪಾಯದ ಮಾತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

## ಕುಸಿದಾಗ ಮೈ ಹೇಗಿರುತ್ತದೆ

ಬೈಪೋಲಾರ್ ಇರುವವರು ಒಟ್ಟಾರೆ ಮೇನಿಯಾಕ್ಕಿಂತ ಖಿನ್ನತೆಯಲ್ಲೇ ಹೆಚ್ಚು ಕಾಲ ಕಳೆಯುತ್ತಾರೆ. ಬಹಳ ಜನ ಮೊದಲ ಬಾರಿ ವೈದ್ಯರ ಬಳಿ ಹೋಗುವುದೂ ಈ ಕಾರಣಕ್ಕೇ. ಆಗಲೂ ಅವರು ಹೇಳಿಕೊಳ್ಳುವುದು ದುಃಖದ ಬಗ್ಗೆಯೇ ಆಗಬೇಕಿಲ್ಲ: ಮೈ ಭಾರ, ತಲೆನೋವು, ಬೆನ್ನುನೋವು, ಹೊಟ್ಟೆ ಸರಿಯಿಲ್ಲ, ಯಾವಾಗಲೂ ಸುಸ್ತು.

‘ಕೈಕಾಲಿಗೆ ಸೀಸ ತುಂಬಿದ ಹಾಗಿದೆ’ ಎಂಬ ಅನುಭವಕ್ಕೆ ವೈದ್ಯಶಾಸ್ತ್ರದಲ್ಲೇ ಜಾಗವಿದೆ. ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋಗುವುದು ಗುಡ್ಡ ಹತ್ತಿದಷ್ಟು ಕಷ್ಟ. ಕೆಲವರು ದಿನಕ್ಕೆ ಹತ್ತು ಹನ್ನೆರಡು ಗಂಟೆ ಮಲಗಿದರೂ ಎದ್ದಾಗ ಹಗುರ ಅನ್ನಿಸದು. ಇನ್ನು ಕೆಲವರಿಗೆ ನಸುಕಿನಲ್ಲೇ ಎಚ್ಚರವಾಗಿ ಮತ್ತೆ ಕಣ್ಣು ಮುಚ್ಚದು. ಹಸಿವೂ ಎರಡು ದಿಕ್ಕಿಗೂ ಹೋಗಬಹುದು. ಮಾತು ನಿಧಾನ, ಪ್ರಶ್ನೆಗೂ ಉತ್ತರಕ್ಕೂ ನಡುವೆ ದೀರ್ಘ ಮೌನ, ಮುಖದ ಚಲನೆ ಕಡಿಮೆ, ಹೆಜ್ಜೆ ಭಾರ. ಇದಕ್ಕೆ ಸೋಮಾರಿತನ ಎಂದು ಹೆಸರಿಡುವವರು ಮನೆಯಲ್ಲೇ ಇರುತ್ತಾರೆ. ಮೈಯ ವೇಗವೇ ಇಳಿದಿದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ.

ಇಲ್ಲೊಂದು ತೊಡಕಿದೆ. ಹಿಂದೆ ಎಂದಾದರೂ ಏರಿದ ಸ್ಥಿತಿ ಇತ್ತೇ ಎಂದು ಕೇಳದೆ ಇದು ಬರೀ ಖಿನ್ನತೆ ಎಂದುಕೊಂಡು ಖಿನ್ನತೆಯ ಗುಳಿಗೆಯನ್ನಷ್ಟೇ ಕೊಟ್ಟರೆ ಕೆಲವರು ಮೇನಿಯಾಕ್ಕೆ ಜಿಗಿಯುತ್ತಾರೆ. ಹೈಪೋಮೇನಿಯಾ ಬಂದು ಹೋದದ್ದು ಎಷ್ಟೋ ಜನರಿಗೆ ಕಾಯಿಲೆ ಎಂದೇ ಅನ್ನಿಸಿರುವುದಿಲ್ಲ, ಬಾಳಿನ ಒಳ್ಳೆಯ ದಿನಗಳೆಂದು ನೆನಪಿಟ್ಟುಕೊಂಡಿರುತ್ತಾರೆ. ಹಾಗಾಗಿ ಮನೆಯವರು ಹೇಳುವ ಒಂದು ಮಾತು, ‘ಹೋದ ವರ್ಷ ಒಂದು ವಾರ ಮಲಗಲೇ ಇಲ್ಲ, ಆದರೂ ಲವಲವಿಕೆಯಿಂದ ಇದ್ದ’ ಎಂಬುದು, ಚಿಕಿತ್ಸೆಯ ದಾರಿಯನ್ನೇ ಬದಲಿಸಬಲ್ಲದು.

ಎರಡೂ ಒಟ್ಟಿಗೆ ಬರುವುದೂ ಉಂಟು, ಅದಕ್ಕೆ ಮಿಶ್ರ ಸ್ಥಿತಿ ಎನ್ನುತ್ತಾರೆ: ಮನಸ್ಸಿನಲ್ಲಿ ಕತ್ತಲೆ, ಮೈಯಲ್ಲಿ ತಡೆಯಲಾಗದ ಚಡಪಡಿಕೆ. ಹತಾಶೆಯ ಜೊತೆಗೆ ಚೈತನ್ಯವೂ ಸೇರಿಕೊಳ್ಳುವುದರಿಂದ ತನಗೆ ತಾನೇ ಹಾನಿ ಮಾಡಿಕೊಳ್ಳುವ ಅಪಾಯ ಆಗ ಹೆಚ್ಚು. ಈ ಚಡಪಡಿಕೆ ಕಂಡರೆ ಮುಂದಿನ ಭೇಟಿಯ ದಿನಾಂಕಕ್ಕೆ ಕಾಯಬಾರದು, ಅಂದೇ ವೈದ್ಯರನ್ನು ಕಾಣಬೇಕು, ಅಲ್ಲಿಯವರೆಗೆ ಅವರನ್ನು ಒಂಟಿಯಾಗಿ ಬಿಡಬಾರದು.

## ಮೈಯೊಳಗಿನ ಗಡಿಯಾರ

ಇಷ್ಟೆಲ್ಲ ಬದಲಾವಣೆ ಒಟ್ಟೊಟ್ಟಿಗೆ ಏಕೆ ಆಗುತ್ತದೆ? ಪೂರ್ತಿ ಉತ್ತರ ವಿಜ್ಞಾನದ ಕೈಗೆ ಇನ್ನೂ ಸಿಕ್ಕಿಲ್ಲ. ಆದರೆ ಒಂದು ಬಲವಾದ ಎಳೆ ಸಿಕ್ಕಿದೆ, ಅದು ನಮ್ಮ ಜೈವಿಕ ಗಡಿಯಾರ.

ಮಿದುಳಿನ ನಡುಭಾಗದಲ್ಲಿ ಹೈಪೋಥಲಾಮಸ್ ಎಂಬ ಪುಟ್ಟ ಭಾಗವಿದೆ. ಅದರೊಳಗೆ ಸುಮಾರು 20,000 ನರಕೋಶಗಳ ಒಂದು ಗೊಂಚಲು ದಿನದ 24 ಗಂಟೆಯ ಲಯವನ್ನು ಕಾಯುತ್ತದೆ. ಹಾಡುವವರ ಗುಂಪಿನಲ್ಲಿ ತಾಳ ಹಾಕುವವರ ಕೆಲಸ ಅದರದ್ದು. ಯಾವಾಗ ನಿದ್ದೆ, ಯಾವಾಗ ಹಸಿವು, ಯಾವಾಗ ಮೈ ಬಿಸಿಯಾಗಬೇಕು, ಯಾವಾಗ ಯಾವ ಹಾರ್ಮೋನು ಸುರಿಯಬೇಕು ಎಂಬುದೆಲ್ಲ ಈ ತಾಳಕ್ಕೆ ಹೊಂದಿಕೊಂಡು ನಡೆಯುತ್ತದೆ. ಕಣ್ಣಿನೊಳಗೆ ಬೀಳುವ ಬೆಳಕು ಈ ಗಡಿಯಾರವನ್ನು ದಿನಾ ಸರಿಹೊಂದಿಸುತ್ತದೆ. ಅದರಲ್ಲೂ ನೀಲಿ ಬೆಳಕಿಗೆ ಅದು ಹೆಚ್ಚು ಓಗೊಡುತ್ತದೆ.

ಬೈಪೋಲಾರ್ ಇರುವವರಲ್ಲಿ ಈ ತಾಳ ಸುಲಭವಾಗಿ ತಪ್ಪುತ್ತದೆ. ಪರೀಕ್ಷೆಗಾಗಿ ರಾತ್ರಿ ಕೂತು ಓದುವುದು, ರಾತ್ರಿ ಪಾಳಿಯ ಕೆಲಸ, ಗಡಿಯಾರ ಬದಲಾಗುವಷ್ಟು ದೂರದ ವಿಮಾನ ಪ್ರಯಾಣ, ಹೆರಿಗೆಯ ನಂತರ ಮಗುವಿಗಾಗಿ ಎಚ್ಚರವಿರುವ ರಾತ್ರಿಗಳು: ಬೇರೆಯವರಿಗೆ ಎರಡು ದಿನದ ಸುಸ್ತಿನಲ್ಲಿ ಮುಗಿಯುವ ಇಂಥ ನಿದ್ದೆಗೇಡು ಇವರನ್ನು ಮೇನಿಯಾಕ್ಕೆ ತಳ್ಳಬಹುದು. ಹೆರಿಗೆಯ ನಂತರದ ವಾರಗಳಲ್ಲಂತೂ ಹಾರ್ಮೋನುಗಳ ಹಠಾತ್ ಇಳಿತವೂ ಜೊತೆಗೂಡುವುದರಿಂದ ಕಾಯಿಲೆ ಮರುಕಳಿಸುವ ಅಪಾಯ ತುಂಬ ಹೆಚ್ಚು. ಬಸುರಿಯಾಗುವ ಯೋಚನೆ ಇದ್ದಾಗಲೇ ವೈದ್ಯರಿಗೆ ತಿಳಿಸಬೇಕು ಎನ್ನುವುದು ಇದಕ್ಕೇ.

ನಿದ್ದೆ ಕೆಟ್ಟರೆ ಮೇನಿಯಾ, ಮೇನಿಯಾ ಬಂದರೆ ನಿದ್ದೆ ಇನ್ನೂ ಕೆಡುತ್ತದೆ. ಈ ಸುಳಿಯನ್ನು ಕತ್ತಲೆಯಿಂದ ಮುರಿಯಬಹುದೇ ಎಂದು ಕೆಲವರು ನೋಡಿದ್ದಾರೆ. 2016ರಲ್ಲಿ ಪ್ರಕಟವಾದ ನಾರ್ವೆಯ ಒಂದು ಪ್ರಯೋಗದಲ್ಲಿ ಮೇನಿಯಾದಿಂದ ಆಸ್ಪತ್ರೆ ಸೇರಿದವರಿಗೆ ಎಂದಿನ ಚಿಕಿತ್ಸೆಯ ಜೊತೆಗೆ, ಸಂಜೆ 6ರಿಂದ ಬೆಳಿಗ್ಗೆ 8ರವರೆಗೆ ನೀಲಿ ಬೆಳಕನ್ನು ತಡೆಯುವ ಕಿತ್ತಳೆ ಬಣ್ಣದ ಕನ್ನಡಕ ಕೊಟ್ಟರು. ಇನ್ನೊಂದು ಗುಂಪಿಗೆ ಬಣ್ಣವಿಲ್ಲದ ಕನ್ನಡಕ. ಒಂದೇ ವಾರದಲ್ಲಿ ಕಿತ್ತಳೆ ಕನ್ನಡಕದವರ ಮೇನಿಯಾ ಲಕ್ಷಣಗಳು ಗಣನೀಯವಾಗಿ ಇಳಿದವು. ಪ್ರಯೋಗ ಸಣ್ಣದು, ಇಪ್ಪತ್ತಮೂರೇ ಜನರ ಮೇಲೆ ನಡೆದದ್ದು. ಔಷಧಿ ಬಿಟ್ಟು ಕನ್ನಡಕ ಹಾಕಿಕೊಳ್ಳಿ ಎಂದು ಅದರ ಅರ್ಥವಲ್ಲ. ಕಣ್ಣಿಗೆ ಬೀಳುವ ಬೆಳಕಿಗೂ ಮೇನಿಯಾಕ್ಕೂ ನಂಟಿದೆ ಎಂಬುದನ್ನು ಅದು ತೋರಿಸಿತು.

ದಿನಚರಿಯನ್ನೇ ಚಿಕಿತ್ಸೆಯಾಗಿ ಬಳಸುವ ಪದ್ಧತಿಯೂ ಇದೆ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಎಲೆನ್ ಫ್ರ್ಯಾಂಕ್ ಮತ್ತು ಅವರ ಜೊತೆಗಾರರು ಇದನ್ನು ರೂಪಿಸಿದರು. ಅವರು ದಿನದ ಐದು ಗಳಿಗೆಗಳನ್ನು ಹಿಡಿದುಕೊಂಡರು: ಹಾಸಿಗೆ ಬಿಟ್ಟು ಏಳುವುದು, ಮೊದಲು ಇನ್ನೊಬ್ಬರ ಜೊತೆ ಮಾತಾಡುವುದು, ಕೆಲಸ ಶುರು ಮಾಡುವುದು, ರಾತ್ರಿ ಊಟ, ಮಲಗುವುದು. ಈ ಐದೂ ದಿನಾ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ನಡೆದರೆ ಒಳಗಿನ ತಾಳಕ್ಕೆ ಹೊರಗಿನಿಂದ ಆಸರೆ ಸಿಗುತ್ತದೆ. ರಜೆಯ ದಿನವೂ ಅದೇ ಹೊತ್ತಿಗೆ ಏಳುವುದು ಬೇಸರದ ಶಿಸ್ತು, ನಿಜ. ಆದರೆ ಈ ಕಾಯಿಲೆಯ ಜೊತೆ ಬದುಕುವವರಿಗೆ ಅದು ಗುಳಿಗೆಯಷ್ಟೇ ಗಂಭೀರವಾದದ್ದು ಎಂದು ನನಗನ್ನಿಸುತ್ತದೆ.

## ಮುಖ ನೋಡಿ ಹೇಳಬಹುದೇ?

ಬೈಪೋಲಾರ್ ಇರುವವರ ಕಣ್ಣು ಬೇರೆ ಥರ ಹೊಳೆಯುತ್ತದೆ, ಪಾಪೆ ಹಿಗ್ಗುತ್ತದೆ, ಕಣ್ಣಿನ ಬಣ್ಣವೇ ಬದಲಾಗುತ್ತದೆ ಎಂಬ ಮಾತುಗಳು ಹರಿದಾಡುತ್ತವೆ. ಮೈ ಉದ್ರೇಕಗೊಂಡಾಗ ಕಣ್ಣಿನ ಪಾಪೆ ಹಿಗ್ಗುವುದು ನಿಜ, ಆದರೆ ಅದು ಹೆದರಿಕೆಯಲ್ಲೂ ಕತ್ತಲೆಯಲ್ಲೂ ಪ್ರೀತಿಯಲ್ಲೂ ಹಿಗ್ಗುತ್ತದೆ. ಕಣ್ಣು ನೋಡಿ ಈ ಕಾಯಿಲೆ ಹೇಳಲು ಬರುವುದಿಲ್ಲ. ಮುಖದಲ್ಲೂ ಮೈಕಟ್ಟಿನಲ್ಲೂ ಇದಕ್ಕೆ ಗುರುತಿಲ್ಲ.

ಮಿದುಳಿನ ಸ್ಕ್ಯಾನ್? ಸಾವಿರಾರು ಜನರ ಚಿತ್ರಗಳನ್ನು ಒಟ್ಟುಮಾಡಿ ಸರಾಸರಿ ತೆಗೆದಾಗ ಬೈಪೋಲಾರ್ ಇರುವವರ ಮಿದುಳಿನ ಹೊರಪದರ ಮುಂಭಾಗದಲ್ಲೂ ಪಕ್ಕದ ಭಾಗಗಳಲ್ಲೂ ತುಸು ತೆಳುವಾಗಿರುವುದು ಕಂಡಿದೆ. ಈ ಕಾಯಿಲೆಗೆ ಕೊಡುವ ಲಿಥಿಯಂ ಎಂಬ ಔಷಧಿ ತೆಗೆದುಕೊಳ್ಳುತ್ತಿದ್ದವರಲ್ಲಿ ಆ ತೆಳುವು ಕಡಿಮೆ. ಇದು ಸರಾಸರಿಯ ಮಾತು. ಒಬ್ಬ ವ್ಯಕ್ತಿಯ ಒಂದು ಸ್ಕ್ಯಾನ್ ನೋಡಿ ಹೌದು, ಅಲ್ಲ ಎನ್ನಲಾಗದು. ಇಂದಿಗೂ ಬೈಪೋಲಾರ್ ಎಂದು ಗುರುತಿಸುವುದು ವಿವರವಾಗಿ ಮಾತಾಡಿ, ಹಿಂದಿನದನ್ನು ಕೇಳಿ, ನಡವಳಿಕೆ ನೋಡಿಯೇ. ಜೊತೆಗೆ ಮಾಡಿಸುವ ರಕ್ತ ಪರೀಕ್ಷೆಯ ಒಂದು ಉದ್ದೇಶ ಬೇರೆ ಕಾಯಿಲೆಗಳನ್ನು ಪಕ್ಕಕ್ಕಿಡುವುದು: ಥೈರಾಯ್ಡ್ ಅತಿಯಾದರೆ ಮೇನಿಯಾದಂತೆಯೂ ಕಡಿಮೆಯಾದರೆ ಖಿನ್ನತೆಯಂತೆಯೂ ಕಾಣಬಹುದು.

ಜೀವಕೋಶದ ಮಟ್ಟದಲ್ಲಿ ಮಾತ್ರ ಒಂದು ಸೋಜಿಗದ ಸಂಗತಿ ಸಿಕ್ಕಿದೆ. 2015ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯ ವಿಜ್ಞಾನಿಗಳು ಬೈಪೋಲಾರ್ ಇರುವವರ ಚರ್ಮದ ಕೋಶಗಳನ್ನು ತೆಗೆದು, ಅವನ್ನು ಪ್ರಯೋಗಾಲಯದಲ್ಲಿ ನರಕೋಶಗಳಾಗಿ ಬೆಳೆಸಿದರು. ಆ ನರಕೋಶಗಳು ಸಾಮಾನ್ಯಕ್ಕಿಂತ ಹೆಚ್ಚು ಸುಲಭವಾಗಿ ಕೆರಳುತ್ತಿದ್ದವು. ಲಿಥಿಯಂ ಹಾಕಿದಾಗ ಕೆಲವು ತಣ್ಣಗಾದವು. ಯಾರ ಕೋಶಗಳು? ನಿಜ ಜೀವನದಲ್ಲಿ ಲಿಥಿಯಂನಿಂದ ಗುಣ ಕಂಡವರವು ಮಾತ್ರ.

## ಜೊತೆಗೇ ಬರುವ ಕಾಯಿಲೆಗಳು

ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಬೈಪೋಲಾರ್ ಇರುವವರ ಆಯಸ್ಸು ಉಳಿದವರಿಗಿಂತ ಸರಾಸರಿ ಹತ್ತಕ್ಕೂ ಹೆಚ್ಚು ವರ್ಷ ಕಡಿಮೆ. ಆತ್ಮಹತ್ಯೆ ಇದಕ್ಕೆ ಒಂದು ಕಾರಣ. ಆದರೆ ಬಹಳಷ್ಟು ವರ್ಷಗಳನ್ನು ನುಂಗುವುದು ಹೃದಯದ ಕಾಯಿಲೆಯಂಥ ಸಾಮಾನ್ಯ ದೈಹಿಕ ರೋಗಗಳು. ಸಕ್ಕರೆ ಕಾಯಿಲೆ, ಬೊಜ್ಜು, ರಕ್ತದೊತ್ತಡ, ಅರೆತಲೆನೋವು, ಥೈರಾಯ್ಡ್ ತೊಂದರೆ ಇವರಲ್ಲಿ ಹೆಚ್ಚು. ಹದಿಹರೆಯದಲ್ಲೇ ಬೈಪೋಲಾರ್ ಬಂದವರನ್ನು ಹೃದ್ರೋಗದ ಅಪಾಯ ಇರುವವರೆಂದೇ ಎಣಿಸಬೇಕೆಂದು ಅಮೆರಿಕದ ಹೃದಯ ಸಂಘ 2015ರಲ್ಲಿ ಹೇಳಿತು.

ಕಾರಣ ಒಂದೇ ಅಲ್ಲ. ಕೆಲವು ಔಷಧಿಗಳು ತೂಕ ಹೆಚ್ಚಿಸುತ್ತವೆ. ಖಿನ್ನತೆಯಲ್ಲಿ ಮೈ ಅಲುಗದೆ ವಾರಗಳು ಕಳೆಯುತ್ತವೆ. ಧೂಮಪಾನ ಇವರಲ್ಲಿ ಹೆಚ್ಚು. ಕೆಟ್ಟ ನಿದ್ದೆ ಸಕ್ಕರೆಯನ್ನೂ ಬಿ.ಪಿ.ಯನ್ನೂ ಕೆಡಿಸುತ್ತದೆ. ಕಾಯಿಲೆ ಉಲ್ಬಣಿಸಿದಾಗ, ಮುಖ್ಯವಾಗಿ ಮೇನಿಯಾದಲ್ಲಿ, ಮೈಯಲ್ಲಿ ಉರಿಯೂತ ಸೂಚಿಸುವ ಸಿಆರ್‌ಪಿ ಎಂಬ ಪ್ರೋಟೀನು ರಕ್ತದಲ್ಲಿ ಹೆಚ್ಚಿರುವುದು ಕಂಡಿದೆ.

ಇನ್ನೊಂದು ಕಾರಣ ಮನಸ್ಸಿಗೆ ಹೆಚ್ಚು ನೋವು ಕೊಡುವಂಥದ್ದು. ಬೈಪೋಲಾರ್ ಎಂಬ ಹೆಸರು ಫೈಲಿನ ಮೇಲೆ ಬಿದ್ದರೆ ಆ ವ್ಯಕ್ತಿ ಎದೆನೋವು ಎಂದರೂ ‘ಅದೇ ಕಾಯಿಲೆಯದ್ದು’ ಎಂದು ಪಕ್ಕಕ್ಕೆ ಸರಿಸುವುದುಂಟು. ಮನೆಯಲ್ಲೂ ಹಾಗೆಯೇ, ಆಸ್ಪತ್ರೆಯಲ್ಲೂ ಹಾಗೆಯೇ. ಎದೆನೋವು ಯಾರಿಗೆ ಬಂದರೂ ಎದೆನೋವೇ. ಅದನ್ನು ಪರೀಕ್ಷಿಸಿ ಎಂದು ಪಟ್ಟು ಹಿಡಿಯುವ ಹಕ್ಕು ಇವರಿಗೂ ಇದೆ.

## ಔಷಧಿ ಮತ್ತು ಮೈ

ಲಿಥಿಯಂನ ಕಥೆ ಶುರುವಾಗುವುದು ಆಸ್ಟ್ರೇಲಿಯಾದಲ್ಲಿ. ಅಲ್ಲಿನ ಮನೋವೈದ್ಯ ಜಾನ್ ಕೇಡ್ ಮೇನಿಯಾ ಇದ್ದ 10 ಮಂದಿಗೆ ಇದನ್ನು ಕೊಟ್ಟು, ಅವರು ಚೇತರಿಸಿಕೊಂಡದ್ದನ್ನು 1949ರಲ್ಲಿ ವರದಿ ಮಾಡಿದರು. ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1970ರಲ್ಲಿ. ಇಂದಿಗೂ ಇದು ಮೊದಲ ಸಾಲಿನ ಔಷಧಿ. ಇದನ್ನು ತೆಗೆದುಕೊಳ್ಳುವವರಲ್ಲಿ ಆತ್ಮಹತ್ಯೆ ಕಡಿಮೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ.

ಲಿಥಿಯಂ ಒಂದು ಧಾತು, ಅಡುಗೆ ಉಪ್ಪಿನಲ್ಲಿರುವ ಸೋಡಿಯಂನ ಹತ್ತಿರದ ನೆಂಟ. ಈ ನೆಂಟಸ್ತಿಕೆ ಅರ್ಥವಾದರೆ ವೈದ್ಯರು ಕೊಡುವ ಅರ್ಧದಷ್ಟು ಎಚ್ಚರಿಕೆಗಳು ತಾವಾಗಿ ಅರ್ಥವಾಗುತ್ತವೆ. ಮೂತ್ರಪಿಂಡಗಳು ಇವೆರಡನ್ನೂ ಹೆಚ್ಚುಕಡಿಮೆ ಒಂದೇ ರೀತಿ ನೋಡುತ್ತವೆ. ವಾಂತಿ, ಭೇದಿ, ಜ್ವರ, ವಿಪರೀತ ಬೆವರು ಇವುಗಳಿಂದ ಮೈಯಲ್ಲಿ ನೀರು ಮತ್ತು ಉಪ್ಪು ಕಡಿಮೆಯಾದಾಗ ಮೂತ್ರಪಿಂಡಗಳು ಸೋಡಿಯಂ ಹೊರಹೋಗದಂತೆ ಬಿಗಿಹಿಡಿಯುತ್ತವೆ. ಅದರ ಜೊತೆ ಲಿಥಿಯಂ ಕೂಡ ಒಳಗೇ ಉಳಿಯುತ್ತದೆ, ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಯಾರನ್ನೂ ಕೇಳದೆ ಉಪ್ಪು ಪೂರ್ತಿ ಬಿಟ್ಟರೂ ಇದೇ ಆಗುತ್ತದೆ. ಐಬುಪ್ರೊಫೆನ್‌ನಂಥ ನೋವಿನ ಗುಳಿಗೆ, ಬಿ.ಪಿ.ಗೆ ಕೊಡುವ ಕೆಲವು ಔಷಧಿಗಳು, ಮೂತ್ರ ಹೆಚ್ಚಿಸುವ ಗುಳಿಗೆಗಳು ಕೂಡ ಮಟ್ಟವನ್ನು ಏರಿಸಬಲ್ಲವು. ಹಾಗಾಗಿ ಬೇರೆ ಯಾವ ವೈದ್ಯರ ಬಳಿ ಹೋದರೂ, ಔಷಧಿ ಅಂಗಡಿಯಲ್ಲೂ, ‘ನಾನು ಲಿಥಿಯಂ ತೆಗೆದುಕೊಳ್ಳುತ್ತಿದ್ದೇನೆ’ ಎಂದು ಮೊದಲೇ ಹೇಳಬೇಕು.

ಮಟ್ಟದ ಲೆಕ್ಕ ಬಿಗಿಯಾದದ್ದು. ಸಾಮಾನ್ಯವಾಗಿ ಲೀಟರ್ ರಕ್ತದ್ರವಕ್ಕೆ 0.6ರಿಂದ 1.0 ಮಿಲಿಮೋಲ್ ಇರುವಂತೆ ನೋಡಿಕೊಳ್ಳುತ್ತಾರೆ. 1.5 ದಾಟಿದರೆ ವಿಷವಾಗತೊಡಗುತ್ತದೆ. ಸಣ್ಣ ಕೈನಡುಕ, ಬಾಯಾರಿಕೆ, ಪದೇ ಪದೇ ಮೂತ್ರ ಇವು ಸರಿಯಾದ ಮಟ್ಟದಲ್ಲೂ ಬರಬಹುದು. ಮುಂದಿನ ಭೇಟಿಯಲ್ಲಿ ವೈದ್ಯರಿಗೆ ಹೇಳಿದರೆ ಸಾಕು. ನಡುಕ ಜೋರಾಗಿ, ಹೆಜ್ಜೆ ತೂರಾಡಿ, ನಾಲಿಗೆ ತೊದಲಿ, ವಾಂತಿ ಭೇದಿ ಶುರುವಾಗಿ, ಮಂಕು ಕವಿದರೆ ಮುಂದಿನ ಗುಳಿಗೆ ನುಂಗದೆ ನೇರ ಆಸ್ಪತ್ರೆಗೆ ಹೋಗಬೇಕು.

ಉಳಿದ ಔಷಧಿಗಳದ್ದು ಚುಟುಕಾಗಿ. ವಾಲ್ಪ್ರೋಯೇಟ್‌ನಿಂದ ತೂಕ ಹೆಚ್ಚಬಹುದು, ಕೂದಲು ಉದುರಬಹುದು, ಯಕೃತ್ತಿನ ಮೇಲೆ ಕಣ್ಣಿಡಬೇಕು. ಗರ್ಭದಲ್ಲಿರುವ ಮಗುವಿಗೆ ಇದು ದೊಡ್ಡ ಹಾನಿ ಮಾಡಬಲ್ಲದು, ಆದ್ದರಿಂದ ಬಸುರಾಗುವ ಸಾಧ್ಯತೆಯಿರುವವರಿಗೆ ಸಾಧ್ಯವಾದಷ್ಟು ಕೊಡುವುದಿಲ್ಲ. ಲ್ಯಾಮೋಟ್ರಿಜಿನ್‌ನಿಂದ ಅಪರೂಪಕ್ಕೆ ಚರ್ಮದ ಅಪಾಯಕಾರಿ ದದ್ದು ಬರುತ್ತದೆ, ಅದಕ್ಕೇ ಅದರ ಪ್ರಮಾಣವನ್ನು ವಾರಗಟ್ಟಲೆ ನಿಧಾನವಾಗಿ ಏರಿಸುತ್ತಾರೆ. ಒಲಾಂಜಪಿನ್, ಕ್ವೆಟಿಯಾಪಿನ್ ಮುಂತಾದವು ಹಸಿವು, ತೂಕ, ಸಕ್ಕರೆ, ಕೊಬ್ಬು ಹೆಚ್ಚಿಸಬಹುದು. ಇವುಗಳಲ್ಲಿ ಯಾವುದನ್ನೂ ಒಂದೇ ಸಲಕ್ಕೆ ತಾವಾಗಿ ನಿಲ್ಲಿಸಬಾರದು. ಲಿಥಿಯಂ ಹಠಾತ್ತನೆ ಬಿಟ್ಟರೆ ಮೇನಿಯಾ ಮರುಕಳಿಸುವುದು ಹೆಚ್ಚು. ತೂಕ ಏರುತ್ತಿದೆ ಎಂದರೆ ಪ್ರಮಾಣ ಬದಲಿಸಲು, ಬೇರೆ ಔಷಧಿಗೆ ಹೋಗಲು ದಾರಿಗಳಿವೆ. ಅದನ್ನು ವೈದ್ಯರ ಮುಂದೆ ಬಾಯಿಬಿಟ್ಟು ಹೇಳಲು ಸಂಕೋಚ ಬೇಡ, ಅದು ಅಂದಚೆಂದದ ದೂರಲ್ಲ.

## ಮತ್ತೆ ಆ ಚೀಟಿ

ಈಗ ಚೀಟಿಯನ್ನು ಮತ್ತೆ ಬಿಡಿಸಿ ನೋಡಬಹುದು. ಕ್ರಿಯಾಟಿನಿನ್ ಮೂತ್ರಪಿಂಡದ ಸ್ಥಿತಿ ಹೇಳುತ್ತದೆ, ಲಿಥಿಯಂ ಹೊರಹೋಗುವುದು ಅದರ ಮೂಲಕವೇ. ಲಿಥಿಯಂ ಥೈರಾಯ್ಡ್ ಗ್ರಂಥಿಯನ್ನು ಮಂದಗೊಳಿಸಬಹುದು. ಹಾಗಾದಾಗ ಬರುವ ಸುಸ್ತು ಖಿನ್ನತೆಯೇ ಮರಳಿತೇನೋ ಎಂಬಂತೆ ಕಾಣುತ್ತದೆ, ಪರೀಕ್ಷೆ ಮಾಡಿಸಿದರೆ ಮಾತ್ರ ಯಾವುದು ಯಾವುದೆಂದು ಬಿಡಿಸಿ ನೋಡಬಹುದು. ಜೊತೆಗೆ ಕ್ಯಾಲ್ಸಿಯಂ ಕೂಡ ನೋಡುತ್ತಾರೆ, ಏಕೆಂದರೆ ಅದರ ಮಟ್ಟ ಏರುವುದುಂಟು. ಸಕ್ಕರೆ, ಕೊಲೆಸ್ಟರಾಲ್, ತೂಕ, ಸೊಂಟದ ಸುತ್ತಳತೆ, ಬಿ.ಪಿ. ಇವೆಲ್ಲ ಹೃದಯಕ್ಕಾಗಿ.

ಲಿಥಿಯಂ ಶುರುಮಾಡಿದಾಗ ಮಟ್ಟ ಒಂದು ಹದಕ್ಕೆ ಬರುವವರೆಗೆ ವಾರಕ್ಕೊಮ್ಮೆ, ಆಮೇಲೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ರಕ್ತ ಕೊಡಬೇಕಾಗುತ್ತದೆ. ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆ ಆರು ತಿಂಗಳಿಗೊಮ್ಮೆ. ಇದರ ಜೊತೆ ಮನೆಯಲ್ಲೇ ಒಂದು ಪುಸ್ತಕ ಇಟ್ಟು ದಿನಾ ಮಲಗಿದ ಹೊತ್ತು, ಎದ್ದ ಹೊತ್ತು ಬರೆದಿಟ್ಟರೆ ವೈದ್ಯರಿಗೆ ಅದು ಯಾವ ವರದಿಗೂ ಕಡಿಮೆಯಿಲ್ಲದ ಸಹಾಯ. ನಿದ್ದೆ ಎರಡು ಮೂರು ದಿನ ಸತತವಾಗಿ ಕುಗ್ಗಿ, ಸುಸ್ತೂ ಇಲ್ಲವೆಂದರೆ ಆ ಪುಟದ ಫೋಟೊ ತೆಗೆದು ವೈದ್ಯರಿಗೆ ಕಳಿಸಬಹುದು.

ರಕ್ತ ಕೊಡುವ ದಿನದ ಒಂದು ಸಣ್ಣ ವಿಷಯ ಬಹಳ ಜನ ತಪ್ಪುತ್ತಾರೆ. ಲಿಥಿಯಂ ಮಟ್ಟವನ್ನು ಕೊನೆಯ ಗುಳಿಗೆ ನುಂಗಿದ 12 ಗಂಟೆಯ ನಂತರ ಅಳೆಯಬೇಕು. ಹಿಂದಿನ ರಾತ್ರಿ 9ಕ್ಕೆ ನುಂಗಿದ್ದರೆ ಬೆಳಿಗ್ಗೆ 9ಕ್ಕೆ ರಕ್ತ ಕೊಡಿ. ಬೆಳಗಿನ ಗುಳಿಗೆ ಇದ್ದರೆ ಅದನ್ನು ಜೊತೆಗೆ ಒಯ್ದು, ರಕ್ತ ಕೊಟ್ಟ ಮೇಲೆ ನುಂಗಿ.